ಎರಡು ಊರುಗಳಲ್ಲಿ ಒಂದೇ ಲೆಕ್ಕ

2019ನೆಯ ಇಸವಿಯ ಆಗಸ್ಟ್ ತಿಂಗಳಿನ ಮಳೆಯನ್ನು ಮೂಡಿಗೆರೆ, ಕಳಸಗಳ ಕಡೆಯವರು ಬಹುಕಾಲ ಮರೆಯಲಾರರು. ಚಾರ್ಮಾಡಿ ಘಾಟಿಯ ಮಾರ್ಗವು ಅಲ್ಲಲ್ಲಿ ಕುಸಿದು ಸಂಚಾರ ನಿಂತುಹೋಯಿತು. ಭದ್ರಾನದಿಯು ಹೆಬ್ಬಾಳೆಯ ಸೇತುವೆಯ ಮೇಲೆಯೇ ಹರಿದು ಕಳಸಕ್ಕೂ ಹೊರನಾಡಿಗೂ ನಡುವಣ ಹಾದಿಯನ್ನು ಮುಚ್ಚಿತು. ಮಲೆಮನೆ, ಮಧುಗುಂಡಿ ಮೊದಲಾದ ಹಳ್ಳಿಗಳಲ್ಲಿ ಗುಡ್ಡವೇ ಜಾರಿ ಬಂದು ಮನೆಗಳನ್ನೂ ಗದ್ದೆ ತೋಟಗಳನ್ನೂ ಮಣ್ಣಿನಡಿಗೆ ಸೇರಿಸಿತು. ಇಂಥ ಕಡೆಗಳಲ್ಲಿ ಬೇಲಿ, ಗಡಿಕಲ್ಲು, ಅಂಚಿನ ಮರ ಯಾವುದೂ ಉಳಿಯುವುದಿಲ್ಲ. ಒಬ್ಬನ ತೋಟ ಎಲ್ಲಿತ್ತು, ಎಷ್ಟಿತ್ತು ಎಂಬುದನ್ನು ನೆಲವು ಹೇಳಲಾರದಾಗ ಅದನ್ನು ಹೇಳಬಲ್ಲದ್ದು ದಾಖಲೆಯೊಂದೇ. ಮನೆಯ ಪೆಟ್ಟಿಗೆಯಲ್ಲಿದ್ದ ಪಹಣಿಯು ಮನೆಯೊಡನೆಯೇ ಹೋಗಿದ್ದರೂ ಸರ್ವೆ ನಂಬರು, ವಿಸ್ತೀರ್ಣ, ಹಿಡುವಳಿದಾರನ ಹೆಸರು ಇವು ಬೇರೊಂದು ಕಡೆ ಬರೆದಿಟ್ಟಿದ್ದರೆ ಆತನಿಗೆ ತನ್ನ ಹಕ್ಕನ್ನು ಕೇಳಲು ಆಧಾರವುಂಟು.

ಹಿಂದೆ ಈ ಬರವಣಿಗೆಯೆಲ್ಲ ಶ್ಯಾನುಭೋಗರ, ಅನಂತರ ಗ್ರಾಮಲೆಕ್ಕಿಗರ ಕೈಯಲ್ಲಿ ಇದ್ದಿತು. 2000ದ ಆಸುಪಾಸಿನ ವರ್ಷಗಳಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯ ಮೂಲಕ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಮೊದಲು ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇದ್ದ ಈ ದಾಖಲೆಗಳು ಮುಂದೆ ಬೆಂಗಳೂರಿನ ಕೇಂದ್ರೀಯ ಸಂಗ್ರಹಕ್ಕೆ ಸೇರಿದವು. ಆದುದರಿಂದ ಇಂದು ಬೆಟ್ಟ ಕುಸಿದರೆ ಪಹಣಿ ಕುಸಿಯುವುದಿಲ್ಲ. ಆದರೆ ವಿಚಾರಪರನಾದ ವಿದ್ಯಾರ್ಥಿಯು ಇಲ್ಲಿಗೇ ನಿಲ್ಲದೆ ಮತ್ತೊಂದು ಪ್ರಶ್ನೆಯನ್ನು ಕೇಳಬೇಕು: ಆ ಕೇಂದ್ರಕ್ಕೇ ಬೆಂಕಿ ತಗುಲಿದರೆ?

ಇದು ಬರಿಯ ಊಹೆಯಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರದ ದತ್ತಾಂಶ ಕೇಂದ್ರವೊಂದು ಬ್ಯಾಟರಿಗಳಿಂದ ಹೊತ್ತಿದ ಬೆಂಕಿಗೆ ಸಿಕ್ಕಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಸುಮಾರು 858 ಟೆರಾಬೈಟಿನ ಒಂದು ಸಂಗ್ರಹವು ಸುಟ್ಟುಹೋಯಿತು. ಅದಕ್ಕೆ ಬೇರೆಲ್ಲಿಯೂ ಪ್ರತಿಯಿರಲಿಲ್ಲ. ಗಾತ್ರ ಅತಿಯಾಯಿತೆಂಬುದೇ ಪ್ರತಿ ತೆಗೆಯದಿದ್ದುದಕ್ಕೆ ಕೊಟ್ಟ ಕಾರಣ!

ಹಾಗಾದರೆ ಎರಡನೆಯ ಊರಿನಲ್ಲಿ ಇನ್ನೊಂದು ಪ್ರತಿಯನ್ನು ಇಟ್ಟರಾಯಿತಷ್ಟೆ ಎಂದು ನಮಗೆ ತೋರುವುದು ಸಹಜ. ಆದರೆ ಸದಾ ಬದಲಾಗುತ್ತಿರುವ ಲೆಕ್ಕಕ್ಕೆ ಎರಡನೆಯ ಪ್ರತಿಯನ್ನು ಇಡುವುದು, ಇಟ್ಟದ್ದನ್ನು ದಿನದಿನವೂ ಕಾಪಾಡಿಕೊಂಡು ಬರುವುದು ಎಷ್ಟು ತೊಡಕಿನ ಕೆಲಸವೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ಮುದ್ರಿತ ಪುಸ್ತಕಕ್ಕೆ ನಕಲು ಮಾಡುವುದು ಸುಲಭ. ಒಮ್ಮೆ ಮಾಡಿದರೆ ಮುಗಿಯಿತು. ಬರೆಯುತ್ತಲೇ ಇರುವ ಪುಸ್ತಕಕ್ಕೆ ನಕಲು ಮಾಡುವುದು ಬೇರೆಯೇ ವಿದ್ಯೆ.

ರೈಟರ ಪುಸ್ತಕ

ಕಳಸದ ಬಳಿ ಒಂದು ಕಾಫಿ ಎಸ್ಟೇಟು ಇರುವುದೆಂದು ಭಾವಿಸಿಕೊಳ್ಳಿ. ಡಿಸೆಂಬರ್ ತಿಂಗಳು, ಹಣ್ಣು ಕೊಯ್ಲಿನ ಕಾಲ. ಸಂಜೆ ಕಣದ ಬಳಿ ಹಣ್ಣನ್ನು ತೂಗುತ್ತಾರೆ. ಎಸ್ಟೇಟಿನ ರೈಟರು ಒಂದೊಂದು ಆಳಿನ ಹೆಸರಿನ ಮುಂದೆ ಆ ದಿನದ ಕಿಲೋಗಳನ್ನು ಬರೆಯುತ್ತಾರೆ. ಕೂಲಿಯೆಲ್ಲ ಈ ಬರಹದ ಮೇಲೆಯೇ ನಿಂತಿರುವುದರಿಂದ ಪುಸ್ತಕ ಕಳೆದರೆ ಆಳುಗಳಿಗೂ ನಷ್ಟ, ಧಣಿಗೂ ನಷ್ಟ. ಆದುದರಿಂದ ಮೂಡಿಗೆರೆಯ ಕಚೇರಿಯಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿಯನ್ನು ಇಡಲು ನಿಶ್ಚಯಿಸಿದರು.

ಇದಕ್ಕೆ ಎರಡು ದಾರಿಗಳುಂಟು. ರೈಟರು ದೂರವಾಣಿಯನ್ನು ಕಿವಿಗಿಟ್ಟುಕೊಂಡೇ ತೂಕವನ್ನು ಕೂಗಿ ಹೇಳುವರು. ಮೂಡಿಗೆರೆಯ ಗುಮಾಸ್ತರು ಅದನ್ನು ಬರೆದುಕೊಂಡು “ಬರೆದೆ” ಎನ್ನುವರು. ಆ ಮಾತು ಕೇಳಿದ ಮೇಲೆಯೇ ರೈಟರು ಆಳಿಗೆ “ಆಯಿತಮ್ಮ, ನಿನ್ನದು ಮುಗಿಯಿತು” ಎಂದು ಹೇಳಿ ಮುಂದಿನ ಬುಟ್ಟಿಯನ್ನು ತಕ್ಕಡಿಗೆ ಇಡಿಸುವರು. ಈ ಕ್ರಮದಲ್ಲಿ ಎರಡು ಪುಸ್ತಕಗಳೂ ಯಾವ ಗಳಿಗೆಯಲ್ಲಿಯೂ ಒಂದೇ. ಆದರೆ ಸಾಲು ನಿಧಾನವಾಗುತ್ತದೆ. ಗುಮಾಸ್ತರ ಉತ್ತರ ಬರುವವರೆಗೂ ಹೆಂಗಸರು ಬುಟ್ಟಿ ಹೊತ್ತು ನಿಂತಿರಬೇಕು. ಇನ್ನೊಂದು ದಾರಿಯಲ್ಲಿ ರೈಟರು ತಮ್ಮ ಪಾಡಿಗೆ ಬರೆಯುತ್ತ ಹೋಗುವರು. ಮಗ್ಗುಲಲ್ಲಿ ಕುಳಿತ ಹುಡುಗನೊಬ್ಬನು ಅದನ್ನು ಚೀಟಿಗಳಲ್ಲಿ ಇಳಿಸಿ ಕೊನೆಯ ಬಸ್ಸಿಗೆ ಕೊಟ್ಟು ಕಳುಹಿಸುವನು. ಸಾಲು ನಿಲ್ಲುವುದಿಲ್ಲ. ಆದರೆ ಮೂಡಿಗೆರೆಯ ಪುಸ್ತಕವು ಯಾವಾಗಲೂ ಒಂದಿಷ್ಟು ಹಿಂದೆ. ಬಸ್ಸು ಹೊರಡುವುದಕ್ಕೆ ಮೊದಲೇ ಕಣದ ಮನೆಗೆ ಏನಾದರೂ ಆದರೆ ಆ ದಿನದ ತೂಕವು ಹೋದಂತೆಯೇ.

ಗಣಕಯಂತ್ರಗಳ ಲೋಕದಲ್ಲಿ ಮೊದಲನೆಯದಕ್ಕೆ ಸಿಂಕ್ರೊನಸ್ ಎಂದೂ ಎರಡನೆಯದಕ್ಕೆ ಎಸಿಂಕ್ರೊನಸ್ ಎಂದೂ ಹೆಸರು. ನಾವು ಅವನ್ನು ಏಕಕಾಲಿಕ ಪ್ರತಿ, ಹಿಂಬಾಲಿಸುವ ಪ್ರತಿ ಎಂದು ಕರೆಯೋಣ. ರೈಟರ ಸ್ಥಾನದಲ್ಲಿ ಸರ್ವರು. ಪುಸ್ತಕದ ಸ್ಥಾನದಲ್ಲಿ ಡಿಸ್ಕುಗಳು. ಒಂದು ಸರ್ವರು ಕೆಟ್ಟರೆ ಇನ್ನೊಂದು ಅದರ ಕೆಲಸವನ್ನು ಹೊತ್ತುಕೊಳ್ಳುವಂತೆ ಹಲವನ್ನು ಒಟ್ಟಿಗೆ ಕಟ್ಟಿರುವುದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಆ ಪದಕ್ಕೆ ಗೊಂಚಲು ಎಂದೇ ಅರ್ಥ. ರೆಂಬೆಗೆ ಅಂಟಿದ ಕಾಫಿ ಹಣ್ಣುಗಳನ್ನು ಬಲ್ಲವರಿಗೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಗೊಂಚಲಿನ ಎರಡು ಪಾಲುಗಳನ್ನು ಎರಡು ಊರುಗಳಲ್ಲಿ ಇಟ್ಟು ಒಂದು ಊರು ಪೂರ್ತಿ ಮುಳುಗಿದರೂ ಇನ್ನೊಂದು ನಡೆಯುವಂತೆ ಮಾಡಿದರೆ ಅದು ವಿಪತ್ತನ್ನು ತಾಳಬಲ್ಲ ಗೊಂಚಲು.

ಬೆಳಕಿಗೂ ಪ್ರಯಾಣಕಾಲ ಬೇಕು

ದೂರವಾಣಿಯಲ್ಲಿ ಮಾತನಾಡುವವರಿಗೆ ತಡವಾಗುವುದು ಮನುಷ್ಯರ ನಿಧಾನದಿಂದ. ವಿದ್ಯುದ್ಯಂತ್ರಗಳಿಗೆ ಅಂಥ ತಡವೆಲ್ಲಿ ಎಂದು ಕೆಲವರು ಕೇಳಬಹುದು. ಇಲ್ಲಿ ಭೌತಶಾಸ್ತ್ರವು ಅಡ್ಡ ಬರುತ್ತದೆ. ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವುದನ್ನು ಎಲ್ಲರೂ ಬಲ್ಲರು. ದೂರಸಂಪರ್ಕದ ಗಾಜಿನ ಎಳೆಯೊಳಗೆ ಅದರ ವೇಗವು ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಏಕೆಂದರೆ ಆ ಗಾಜಿನ ವಕ್ರೀಭವನಾಂಕ ಸುಮಾರು 1.47. ಅಂದರೆ ಒಂದು ಕಿಲೋಮೀಟರಿಗೆ 5 ಮೈಕ್ರೋಸೆಕೆಂಡು. ಸುದ್ದಿ ಹೋಗಬೇಕು, “ಬರೆದೆ” ಎಂಬ ಉತ್ತರ ಹಿಂದಿರುಗಬೇಕು. ಆದ್ದರಿಂದ ಕಿಲೋಮೀಟರಿಗೆ 10 ಮೈಕ್ರೋಸೆಕೆಂಡು ಎಂದು ಹಿಡಿಯಬೇಕು.

ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್. ಗಾಜಿನ ಎಳೆಯನ್ನು ಆ ರಸ್ತೆಯ ಮಗ್ಗುಲಲ್ಲಿಯೇ ಹೂಳಿದೆಯೆಂದು ಇಟ್ಟುಕೊಂಡರೆ ಹೋಗಿಬರಲು ಎರಡೂವರೆ ಮಿಲಿಸೆಕೆಂಡು ಬೇಕು. ಒಂದು ಬರಹಕ್ಕೆ ಇದೇನು ಮಹಾ ಎನ್ನಬಹುದು. ಆದರೆ ಒಂದರ ಮೇಲೊಂದು ಕಾಯಬೇಕಾದ ಸಾವಿರ ಬರಹಗಳಿದ್ದರೆ ಅದು ಎರಡೂವರೆ ಸೆಕೆಂಡು. ಇಂದಿನ ಒಳ್ಳೆಯ ಡಿಸ್ಕು ಒಂದು ಬರಹವನ್ನು ಮಿಲಿಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಮುಗಿಸಬಲ್ಲದು. ಹಾಗಿರಲು ಅದು ತನ್ನ ಕೆಲಸಕ್ಕಿಂತ ಹಲವು ಪಟ್ಟು ಕಾಲವನ್ನು ಬರಿದೆ ಕಾಯುವುದರಲ್ಲಿ ಕಳೆಯುತ್ತದೆ. ಹಣ ಸುರಿದು ಹೆಚ್ಚು ಎಳೆಗಳನ್ನು ಹಾಕಿಸಬಹುದು; ಏಕಕಾಲಕ್ಕೆ ಹೆಚ್ಚು ಸುದ್ದಿಯನ್ನು ಸಾಗಿಸಬಹುದು. ಬೆಳಕಿನ ವೇಗವನ್ನು ಮಾತ್ರ ಯಾವ ಹಣವೂ ಹೆಚ್ಚಿಸದು.

ಇದರಿಂದ ಒಂದು ಇಕ್ಕಟ್ಟು ಹುಟ್ಟುತ್ತದೆ. ಪ್ರತಿಯು ಹತ್ತಿರವಿದ್ದರೆ ಏಕಕಾಲಿಕವಾಗಿರಬಹುದು. ಆದರೆ ಒಂದೇ ನೆರೆ, ಒಂದೇ ಭೂಕಂಪ ಎರಡನ್ನೂ ನುಂಗಬಹುದು. ದೂರವಿದ್ದರೆ ವಿಪತ್ತಿಗೆ ಸಿಕ್ಕದು; ಆದರೆ ಹಿಂದುಳಿದಿರುತ್ತದೆ.

ಕಾಫಿ ಬೆಳೆಗಾರರಿಗೆ ನೇರವಾಗಿ ಸಂಬಂಧಿಸಿದ ಒಂದು ನಿಜವಾದ ಪ್ರಸಂಗವನ್ನೇ ಇಲ್ಲಿ ಹೇಳಬಹುದು. ಮೂಡಿಗೆರೆಯ ಅರೇಬಿಕಾ ಕಾಫಿಯ ಧಾರಣೆಯು ನ್ಯೂಯಾರ್ಕಿನ ಧಾರಣೆಯ ಜೊತೆಯಲ್ಲಿ ಏರುತ್ತದೆ, ಇಳಿಯುತ್ತದೆ, ರೊಬಸ್ಟಾಕ್ಕೆ ಲಂಡನ್ನು. 2001ರಲ್ಲಿ ನ್ಯೂಯಾರ್ಕಿನ ಆ ಕಾಫಿ ವ್ಯಾಪಾರವು ‘ನ್ಯೂಯಾರ್ಕ್ ಬೋರ್ಡ್ ಆಫ್ ಟ್ರೇಡ್’ ಎಂಬ ಸಂಸ್ಥೆಯಲ್ಲಿ ನಡೆಯುತ್ತಿತ್ತು. ಅದರ ಕಟ್ಟಡವು ವಿಶ್ವ ವ್ಯಾಪಾರ ಕೇಂದ್ರದ ಆವರಣದಲ್ಲಿಯೇ ಇದ್ದು ಆ ವರ್ಷದ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳೊಡನೆ ನಾಶವಾಯಿತು. ಆದರೂ ಸೆಪ್ಟೆಂಬರ್ 17ರಂದು, ಆರೇ ದಿನಗಳಲ್ಲಿ, ಕಾಫಿಯ ವ್ಯಾಪಾರವು ಮತ್ತೆ ಪ್ರಾರಂಭವಾಯಿತು. ಹೇಗೆ? 1993ರಲ್ಲಿ ಅದೇ ಆವರಣದಲ್ಲಿ ಬಾಂಬು ಸಿಡಿದಾಗ ಆದ ತೊಂದರೆಯನ್ನು ಕಂಡು ವ್ಯಾಪಾರಿಗಳು ನದಿಯ ಆಚೆಗೆ, ಕ್ವೀನ್ಸ್ ಭಾಗದ ಲಾಂಗ್ ಐಲೆಂಡ್ ಸಿಟಿಯಲ್ಲಿ ಬದಲಿ ಅಂಗಳವೊಂದನ್ನು ಕಟ್ಟಿಕೊಂಡಿದ್ದರು. ಯಾರೂ ಬಳಸದ ಆ ಜಾಗಕ್ಕೆ ವರ್ಷವರ್ಷವೂ ಹಣ ತೆತ್ತಿದ್ದರು. ಇಂಥ ಖರ್ಚನ್ನು ಲೆಕ್ಕಪತ್ರ ನೋಡುವವರು ದಂಡವೆಂದು ಹೇಳುವುದೇ ಹೆಚ್ಚು. ಹೊಸ ಜಾಗವು ಇಕ್ಕಟ್ಟಾಗಿದ್ದುದರಿಂದ ಒಂದೊಂದು ಸರಕಿಗೂ ಕಡಿಮೆ ಹೊತ್ತು ಮಾತ್ರ ಸಿಕ್ಕಿತು. ಆದರೆ ಧಾರಣೆ ನಿಲ್ಲಲಿಲ್ಲ. ಬದಲಿ ಸ್ಥಳವು ಕೆಲವೇ ಮೈಲಿಗಳ ದೂರದಲ್ಲಿ ಇತ್ತೆಂಬುದನ್ನೂ ಮರೆಯಬಾರದು. ಅಂದಿನ ವಿಪತ್ತು ಒಂದು ಆವರಣಕ್ಕೆ ಬಂದದ್ದರಿಂದ ಅಷ್ಟು ದೂರ ಸಾಕಾಯಿತು. ಇಡೀ ನಗರಕ್ಕೆ ಬರುವ ಚಂಡಮಾರುತಕ್ಕೆ ಅದು ಸಾಲದು.

ಈ ಇಕ್ಕಟ್ಟಿನಿಂದ ಪಾರಾಗಲು ಮೂರು ಸ್ಥಳಗಳ ಉಪಾಯವನ್ನು ಕಂಡುಹಿಡಿದಿದ್ದಾರೆ. ಮುಖ್ಯ ಕೇಂದ್ರಕ್ಕೆ ಹತ್ತಿರದಲ್ಲಿ ಒಂದು ಏಕಕಾಲಿಕ ಪ್ರತಿ. ಬಹುದೂರದಲ್ಲಿ ಒಂದು ಹಿಂಬಾಲಿಸುವ ಪ್ರತಿ. ನಮ್ಮ ದೇಶದ ಷೇರು ವಿನಿಮಯ ಕೇಂದ್ರಗಳು ಹೀಗೆಯೇ ಮಾಡಬೇಕೆಂದು ಸೆಬಿಯ ನಿಯಮವಿದೆ. ದೂರದ ಕೇಂದ್ರವು ಸಾಧ್ಯವಾದಷ್ಟೂ ಬೇರೆಯ ಭೂಕಂಪ ವಲಯದಲ್ಲಿ ಇರಬೇಕೆಂದೂ ಹೇಳಿದೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಮುಂಬಯಿಯ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಮುಖ್ಯ ಯಂತ್ರಗಳನ್ನೂ ಅನತಿ ದೂರದ ಕುರ್ಲಾದಲ್ಲಿ ಹತ್ತಿರದ ಪ್ರತಿಯನ್ನೂ ಚೆನ್ನೈಯಲ್ಲಿ ದೂರದ ಕೇಂದ್ರವನ್ನೂ ಇಟ್ಟುಕೊಂಡಿತ್ತು. ಮುಂಬಯಿಗೂ ಚೆನ್ನೈಗೂ ನೇರದ ದೂರವೇ ಸಾವಿರ ಕಿಲೋಮೀಟರಿಗೆ ಮೇಲೆ. ಮೇಲೆ ಹೇಳಿದ ಲೆಕ್ಕದಂತೆ ಹೋಗಿಬರಲು ಹತ್ತು ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಷೇರು ಪೇಟೆಯಲ್ಲಿ ಅದು ಒಂದು ಯುಗ.

ಎಳೆ ಕಡಿದಾಗ

ಇನ್ನು ನಿಜವಾದ ತೊಡಕಿಗೆ ಬರೋಣ. ರೈಟರ ದೂರವಾಣಿಯು ನಡುವೆಯೇ ನಿಂತುಹೋಯಿತು. ಮರ ಬಿದ್ದು ತಂತಿ ಹರಿದಿರಬಹುದು. ಮೂಡಿಗೆರೆಯ ಕಚೇರಿಗೇ ಏನಾದರೂ ಆಗಿರಬಹುದು. ಕಳಸದಲ್ಲಿ ಕುಳಿತವರಿಗೆ ಎರಡರ ಗುರುತೂ ಒಂದೇ: ಆ ಕಡೆಯಿಂದ ಉತ್ತರವಿಲ್ಲ. ಈಗ ರೈಟರು ತೂಕವನ್ನು ನಿಲ್ಲಿಸಬೇಕೇ, ನಡೆಸಬೇಕೇ? ನಿಲ್ಲಿಸಿದರೆ ಪುಸ್ತಕಗಳು ಬೇರೆಯಾಗುವುದಿಲ್ಲ, ಆದರೆ ಕೆಲಸ ಕೆಟ್ಟಿತು. ನಡೆಸಿದರೆ ಕೆಲಸ ಸಾಗಿತು, ಆದರೆ ಈ ಕ್ಷಣದಿಂದ ಪ್ರತಿಯೆಂಬುದಿಲ್ಲ.

2021ರ ಫೆಬ್ರವರಿ 24ರಂದು ಮುಂಬಯಿಯಲ್ಲಿ ಆದದ್ದು ಇದೇ ಜಾತಿಯ ತೊಂದರೆ. ಮುಖ್ಯ ಕೇಂದ್ರವನ್ನೂ ಹತ್ತಿರದ ಕೇಂದ್ರವನ್ನೂ ಕೂಡಿಸುವ ಸಂಪರ್ಕಗಳು ಅಸ್ಥಿರವಾದುವು. ಒಂದು ಕಂಪೆನಿಯ ಎಳೆ ಕೆಟ್ಟರೆ ಇರಲೆಂದು ಎರಡು ಕಂಪೆನಿಗಳಿಂದ ಎಳೆಗಳನ್ನು ಪಡೆದಿದ್ದರೂ ಎರಡೂ ಕೈಕೊಟ್ಟುವು. ಸಂಪರ್ಕ ಹೋದರೂ ಮುಖ್ಯ ಕೇಂದ್ರದ ಡಿಸ್ಕುಗಳು ತಮ್ಮಷ್ಟಕ್ಕೆ ಕೆಲಸ ಮಾಡಬೇಕಾಗಿತ್ತು. ಆದರೆ ಸಂಗ್ರಹ ವ್ಯವಸ್ಥೆಯೇ ಸ್ತಬ್ಧವಾಯಿತು. ಬೆಳಗ್ಗೆ 11 ಗಂಟೆ 40 ನಿಮಿಷಕ್ಕೆ ವ್ಯಾಪಾರ ನಿಲ್ಲಿಸಿದವರು ಮತ್ತೆ ಆರಂಭಿಸಿದ್ದು ಮಧ್ಯಾಹ್ನ 3 ಗಂಟೆ 45 ನಿಮಿಷಕ್ಕೆ. ಯಾವ ಪ್ರತಿಯನ್ನು ರಕ್ಷಣೆಗೆಂದು ಇಟ್ಟಿದ್ದರೋ ಆ ಪ್ರತಿಯ ಕಡೆಯ ತೊಂದರೆಯೇ ಮೂಲವನ್ನು ಹಿಡಿದು ನಿಲ್ಲಿಸಿತು ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಎರಡು ಕಂಪೆನಿಗಳ ಎಳೆಗಳಿದ್ದರೆ ಅವು ಎರಡು ಬೇರೆ ದಾರಿಗಳೆಂದು ಭಾವಿಸಬಾರದು. ಒಂದೇ ರಸ್ತೆಯ ಅಗೆತಕ್ಕೆ ಎರಡೂ ಸಿಕ್ಕಬಹುದು. ಚಾರ್ಮಾಡಿಯೂ ಶಿರಾಡಿಯೂ ಬೇರೆ ಬೇರೆ ಘಾಟಿಗಳಾದರೂ ಒಂದೇ ಮಳೆಯಲ್ಲಿ ಎರಡೂ ಮುಚ್ಚುವುದನ್ನು ಮಲೆನಾಡಿನವರು ಕಂಡೇ ಇದ್ದಾರೆ.

ಇದಕ್ಕಿಂತಲೂ ಕೆಟ್ಟದ್ದು ಇನ್ನೊಂದಿದೆ. ಉತ್ತರ ಬಾರದಿದ್ದಾಗ ಮೂಡಿಗೆರೆಯ ಗುಮಾಸ್ತರು, “ಕಳಸದಲ್ಲಿ ಏನೋ ಅನಾಹುತವಾಗಿದೆ, ಇನ್ನು ನನ್ನದೇ ಮೂಲ ಪುಸ್ತಕ” ಎಂದು ತೀರ್ಮಾನಿಸಿ ತಾವೂ ಹೊಸ ಬರಹಗಳನ್ನು ಬರೆಯತೊಡಗಿದರೆನ್ನೋಣ. ಅತ್ತ ರೈಟರೂ ಬರೆಯುತ್ತಲೇ ಇದ್ದಾರೆ. ಸಂಜೆ ತಂತಿ ಸರಿಯಾದಾಗ ಎರಡು ಮೂಲಗಳು! ಯಾವುದು ಸತ್ಯ? ಎರಡೂ ಸತ್ಯವೇ, ಆದರೆ ಒಂದಕ್ಕೊಂದು ಹೊಂದವು. ಸೀಳಿದ ಮೆದುಳು ಎಂಬ ಹೆಸರಿನ ಈ ರೋಗವನ್ನು ಯಂತ್ರಜ್ಞರು ಎಲ್ಲಕ್ಕಿಂತ ಹೆಚ್ಚಾಗಿ ಹೆದರುತ್ತಾರೆ.

2018ರ ಅಕ್ಟೋಬರ್ 21ರಂದು ಗಿಟ್‌ಹಬ್ ಎಂಬ ಸಂಸ್ಥೆಗೆ, ಎಂದರೆ ಲೋಕದ ಕ್ರಮವಿಧಿಕಾರರೆಲ್ಲ ತಮ್ಮ ಬರಹಗಳನ್ನು ಇಡುವ ಭಂಡಾರಕ್ಕೆ, ಇಂಥದೇ ಅನುಭವವಾಯಿತು. ಕೆಟ್ಟ ಉಪಕರಣವೊಂದನ್ನು ಬದಲಿಸುತ್ತಿದ್ದಾಗ ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದ ಅವರ ಮುಖ್ಯ ಕೇಂದ್ರದ ಸಂಪರ್ಕವು ಕಡಿಯಿತು. ಎಷ್ಟು ಹೊತ್ತು? 43 ಸೆಕೆಂಡು! ಅಷ್ಟರಲ್ಲಿಯೇ ಮೇಲ್ವಿಚಾರಣೆಯ ಕ್ರಮವಿಧಿಯು ಪೂರ್ವದ ಯಂತ್ರಗಳು ಸತ್ತವೆಂದು ಬಗೆದು ಪಶ್ಚಿಮ ಕರಾವಳಿಯ ಪ್ರತಿಗೆ ಪಟ್ಟ ಕಟ್ಟಿತು. ಆದರೆ ಪೂರ್ವದಲ್ಲಿ ಕೆಲವು ಸೆಕೆಂಡುಗಳ ಬರಹಗಳು ಪಶ್ಚಿಮಕ್ಕೆ ತಲಪದೆ ಉಳಿದಿದ್ದವು. ಅವರ ಒಂದು ಗೊಂಚಲಿನಲ್ಲಿ ಇಂಥವು 954. ಈ ಎರಡು ಎಳೆಗಳನ್ನು ಮತ್ತೆ ಹೊಂದಿಸಿ ಪ್ರತಿಗಳನ್ನು ಹೊಸದಾಗಿ ಕಟ್ಟಿ ಎಂದಿನ ಸ್ಥಿತಿಗೆ ಬರಲು ಹಿಡಿದ ಕಾಲ 24 ಗಂಟೆ 11 ನಿಮಿಷ. ಬೇಗನೆ ಬಾಗಿಲು ತೆರೆಯುವುದಕ್ಕಿಂತ ಲೆಕ್ಕ ತಪ್ಪದಿರುವುದೇ ಮೇಲೆಂದು ಅವರು ಆರಿಸಿಕೊಂಡುದರಿಂದ ಇಷ್ಟು ಕಾಲವಾಯಿತು. ಆ ಆಯ್ಕೆ ಸರಿಯೆಂದೇ ಈ ಲೇಖಕನ ಅಭಿಪ್ರಾಯ.

ಸೀಳಿದ ಮೆದುಳಿಗೆ ಹಳೆಯ ಔಷಧವೆಂದರೆ ಮೂರನೆಯ ಸಾಕ್ಷಿ. ಇಬ್ಬರು ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಊರಿನ ಮೂರನೆಯ ಹಿರಿಯನು ಬೇಕಾಗುವಂತೆ ಎರಡು ಕೇಂದ್ರಗಳಿಗೆ ಮೂರನೆಯ ಊರಿನಲ್ಲಿ ಒಂದು ಸಣ್ಣ ಯಂತ್ರವನ್ನು ಇಡುತ್ತಾರೆ. ಅದರಲ್ಲಿ ಲೆಕ್ಕಪುಸ್ತಕವಿರಬೇಕಾಗಿಲ್ಲ. ಮತವೊಂದಿದ್ದರೆ ಸಾಕು. ಸಂಪರ್ಕ ಕಡಿದಾಗ ಯಾವ ಕೇಂದ್ರವು ಈ ಸಾಕ್ಷಿಯ ಮತವನ್ನೂ ಕೂಡಿಸಿಕೊಂಡು ಮೂರರಲ್ಲಿ ಎರಡನ್ನು ಪಡೆಯುವುದೋ ಅದು ನಡೆಯಬೇಕು. ಪಡೆಯದದ್ದು, ತಾನು ಗಟ್ಟಿಮುಟ್ಟಾಗಿದ್ದರೂ, ತಾನಾಗಿ ಲೇಖನಿಯನ್ನು ಕೆಳಗಿಡಬೇಕು. ಸಾಕ್ಷಿಗೆ ಹೋಗುವ ದಾರಿಯು ಎರಡು ಕೇಂದ್ರಗಳ ನಡುವಣ ದಾರಿಯನ್ನೇ ಹಿಡಿದಿದ್ದರೆ ಈ ಏರ್ಪಾಡೆಲ್ಲ ವ್ಯರ್ಥ. ಮತಗಳ ಎಣಿಕೆಯೂ ಸರ್ವರೋಗಕ್ಕೆ ಮದ್ದಲ್ಲ. ಗಿಟ್‌ಹಬ್ಬಿನಲ್ಲಿ ಪಶ್ಚಿಮಕ್ಕೆ ಪಟ್ಟ ಬಂದದ್ದು ಬಹುಮತದಿಂದಲೇ. ಬಹುಮತವು ಇನ್ನು ಮುಂದೆ ಯಾರು ಬರೆಯಬೇಕೆಂಬುದನ್ನು ತೀರ್ಮಾನಿಸಬಲ್ಲದು. ಹಿಂಬಾಲಿಸುವ ಪ್ರತಿಗೆ ತಲಪದೆ ಉಳಿದ ಬರಹಗಳನ್ನು ತಂದುಕೊಡಲಾರದು.

ಮತ್ತೆ ಕೂಡಿಸುವುದು

ಎಳೆ ಸರಿಹೋಯಿತು. ಕಳಸದ ರೈಟರು ನಡುವಣ ಹೊತ್ತಿನಲ್ಲಿ ಬರೆದದ್ದನ್ನು ಮೂಡಿಗೆರೆಗೆ ತಿಳಿಸಬೇಕು. ಪುಸ್ತಕವನ್ನು ಮೊದಲ ಪುಟದಿಂದ ಓದಿ ಹೇಳುವುದು ಒಂದು ಕ್ರಮ. ಗಣಕದ ಸಂಗ್ರಹವು 10 ಟೆರಾಬೈಟ್ ಇದ್ದು ಎಳೆಯಲ್ಲಿ ಸೆಕೆಂಡಿಗೆ 100 ಕೋಟಿ ಬಿಟ್‌ಗಳು ಹೋಗುವುದಾದರೆ ಇದಕ್ಕೆ 80,000 ಸೆಕೆಂಡುಗಳು, ಎಂದರೆ 22 ಗಂಟೆಗಳಿಗೂ ಹೆಚ್ಚು ಕಾಲ ಬೇಕಾದೀತು. ಇದಕ್ಕೆ ಬದಲಾಗಿ ಜಾಣರು ಒಂದು ಗುರುತಿನ ಪಟ್ಟಿಯನ್ನು ಇಟ್ಟುಕೊಳ್ಳುತ್ತಾರೆ. ಸಂಪರ್ಕವಿಲ್ಲದಿದ್ದಾಗ ಯಾವ ಯಾವ ಪುಟವನ್ನು ಮುಟ್ಟಿದೆವೋ ಅದಕ್ಕೆ ಒಂದು ಚುಕ್ಕೆ. ಬರೆದದ್ದೇನೆಂದು ಪಟ್ಟಿಯಲ್ಲಿ ಇರುವುದಿಲ್ಲ. ಈ ಪುಟ ಬದಲಾಗಿದೆ ಎಂಬುದಷ್ಟೇ.

ಈ ಪಟ್ಟಿ ಎಷ್ಟು ಚಿಕ್ಕದೆಂಬುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಒಂದು ಟೆರಾಬೈಟಿನ ಡಿಸ್ಕನ್ನು 64 ಕಿಲೋಬೈಟುಗಳ ತುಂಡುಗಳಾಗಿ ವಿಂಗಡಿಸಿದರೆ, ಎರಡರ ಘಾತಗಳಲ್ಲಿ ಲೆಕ್ಕ ಹಿಡಿದಾಗ, ಸುಮಾರು 1 ಕೋಟಿ 67 ಲಕ್ಷ ತುಂಡುಗಳಾಗುವುವು. ತುಂಡಿಗೆ ಒಂದು ಬಿಟ್‌ನಂತೆ ಗುರುತಿಟ್ಟರೆ ಬೇಕಾದ ಸ್ಥಳ ಎರಡೇ ಮೆಗಾಬೈಟು! ಒಂದು ಛಾಯಾಚಿತ್ರಕ್ಕೆ ಹಿಡಿಯುವಷ್ಟು ಜಾಗದಲ್ಲಿ ಇಡೀ ಡಿಸ್ಕಿನ ಬದಲಾವಣೆಯ ನಕ್ಷೆ ಅಡಗುತ್ತದೆ. ಸಂಪರ್ಕ ಬಂದ ಮೇಲೆ ಚುಕ್ಕೆಯಿರುವ ತುಂಡುಗಳನ್ನು ಮಾತ್ರ ಕಳುಹಿಸಿದರೆ ಮುಗಿಯಿತು.

ಮುಗಿಯಿತೇ? ಇಲ್ಲಿ ಸೂಕ್ಷ್ಮವಾದ ಒಂದು ಅಪಾಯವಿದೆ. ಅನುಭವಿಗಳು ಕೂಡ ಇಲ್ಲಿ ಎಡವುತ್ತಾರೆ. ಚುಕ್ಕೆಗಳು ಯಾವ ಪುಟ ಬದಲಾಯಿತೆಂಬುದನ್ನು ಹೇಳುತ್ತವೆಯೇ ಹೊರತು ಯಾವುದು ಮೊದಲು ಬದಲಾಯಿತೆಂಬುದನ್ನು ಹೇಳವು. ಎಸ್ಟೇಟಿನಲ್ಲಿ ನೂರು ಮೂಟೆ ಚೆರ್ರಿ ಕಾಫಿ ಮಾರಾಟವಾಯಿತೆನ್ನಿ. ರೈಟರು 12ನೆಯ ಪುಟದ ದಾಸ್ತಾನಿನಲ್ಲಿ ನೂರು ಮೂಟೆಯನ್ನು ಕಳೆದು 40ನೆಯ ಪುಟದಲ್ಲಿ ಬಂದ ಹಣವನ್ನು ಬರೆದರು. ಮತ್ತೆ ಕೂಡಿಸುವಾಗ 40ನೆಯ ಪುಟವು ಮೊದಲು ಹೋಗಿ, 12ನೆಯದು ಹೋಗುವುದರೊಳಗೆ ಕಳಸದ ಪುಸ್ತಕವು ನೀರುಪಾಲಾದರೆ ಮೂಡಿಗೆರೆಯ ಪುಸ್ತಕದಲ್ಲಿ ಕಾಫಿಯೂ ಉಗ್ರಾಣದಲ್ಲಿದೆ, ಹಣವೂ ಪೆಟ್ಟಿಗೆಯಲ್ಲಿದೆ! ಅದು ಹಳೆಯ ಲೆಕ್ಕವೂ ಅಲ್ಲ, ಹೊಸ ಲೆಕ್ಕವೂ ಅಲ್ಲ. ಎಂದೂ ಇಲ್ಲದಿದ್ದ ಒಂದು ಲೆಕ್ಕ. ಸಂಪರ್ಕವಿಲ್ಲದೆ ಹಳೆಯದಾಗಿ ಬಿದ್ದಿದ್ದಾಗ ಆ ಪ್ರತಿಯು ನಿನ್ನೆಯ ಸತ್ಯವನ್ನಾದರೂ ಹೇಳುತ್ತಿತ್ತು. ದುರಸ್ತಿಯ ನಡುವೆ ಅದು ಯಾವ ದಿನದ ಸತ್ಯವನ್ನೂ ಹೇಳದು.

ಆದುದರಿಂದ ಬಲ್ಲವರು ಮತ್ತೆ ಕೂಡಿಸುವುದಕ್ಕೆ ಮುಂಚೆ ದೂರದ ಪ್ರತಿಯ ಇಂದಿನ ಸ್ಥಿತಿಯನ್ನೇ, ಹಳೆಯದಾದರೂ ಸರಿ, ಒಂದು ಕಡೆ ಹಾಗೆಯೇ ಹಿಡಿದಿಡುತ್ತಾರೆ. ಸ್ನ್ಯಾಪ್‌ಶಾಟ್ ಎಂಬುದು ಅದರ ಹೆಸರು. ಕೆಲಸ ಪೂರ್ತಿಯಾಗಿ, ಎರಡು ಪ್ರತಿಗಳೂ ಒಂದೇ ಎಂದು ಪರೀಕ್ಷಿಸಿ ನೋಡಿದ ಅನಂತರವೇ ಅದನ್ನು ಅಳಿಸುತ್ತಾರೆ. ಕೆಲವು ಯಂತ್ರಗಳು ಚುಕ್ಕೆಗಳಿಗೆ ಬದಲು ಬರಹಗಳನ್ನೇ, ಬರೆದ ಕ್ರಮದಲ್ಲಿಯೇ, ದಿನಚರಿಯಂತೆ ಕೂಡಿಟ್ಟು ಅದೇ ಕ್ರಮದಲ್ಲಿ ಕಳುಹಿಸುತ್ತವೆ. ಹಾಗೆ ಮಾಡಿದರೆ ನಡುವೆ ನಿಂತರೂ ಪ್ರತಿಯು ಯಾವುದೋ ಒಂದು ನಿಜವಾದ ಗಳಿಗೆಯ ಲೆಕ್ಕವನ್ನು ತೋರಿಸುತ್ತದೆ. ಆದರೆ ದಿನಚರಿಗೆ ಬಹಳ ಜಾಗ ಬೇಕು. ದೀರ್ಘಕಾಲ ಸಂಪರ್ಕವಿಲ್ಲದಿದ್ದರೆ ಅದು ತುಂಬಿಹೋಗುತ್ತದೆ, ಆಗ ಪುನಃ ಚುಕ್ಕೆಗಳೇ ಗತಿ. ಎಳೆಯ ಅಳತೆಯನ್ನೂ ಇಲ್ಲಿ ಗಮನಿಸಬೇಕು. ಬರಹಗಳು ಹುಟ್ಟುವ ವೇಗವು ಎಳೆಯು ಅವನ್ನು ಸಾಗಿಸುವ ವೇಗಕ್ಕಿಂತ ಹೆಚ್ಚಾಗಿದ್ದರೆ ಹಿಂಬಾಲಿಸುವ ಪ್ರತಿಯು ಎಂದಿಗೂ ಮುಂದಿನದನ್ನು ಮುಟ್ಟದು. ವರ್ಷದ ಸರಾಸರಿಯನ್ನು ನೋಡಿ ಎಳೆಯನ್ನು ಕೊಂಡವರಿಗೆ ಕೊಯ್ಲಿನ ತಿಂಗಳಿನಲ್ಲಿ ಇದು ತಿಳಿಯುತ್ತದೆ.

ಯಾವ ದಿಕ್ಕಿನಲ್ಲಿ ನಕಲು ಹೋಗಬೇಕೆಂಬ ತಪ್ಪೂ ಕೂಡಿಸುವ ಹೊತ್ತಿನಲ್ಲಿಯೇ ಆಗುವುದು. ಹಳೆಯ ಪ್ರತಿಯನ್ನು ಮೂಲವೆಂದು ತಿಳಿದು ಅದರಿಂದ ಹೊಸದರ ಮೇಲೆ ಬರೆಯಿಸಿದರೆ ಯಂತ್ರವು ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಇದರ ನೆಂಟಸ್ತಿಕೆಯ ಒಂದು ಅಪಘಾತವು 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಇನ್ನೊಂದು ಭಂಡಾರದಲ್ಲಿ ಆಯಿತು. ಎರಡನೆಯ ಪ್ರತಿಯು ಬಹಳ ಹಿಂದುಳಿದಿತ್ತು. ಅದನ್ನು ಖಾಲಿ ಮಾಡಿ ಮೊದಲಿನಿಂದ ನಕಲು ಮಾಡೋಣವೆಂದು ಹೊರಟ ಯಂತ್ರಜ್ಞರು ಪ್ರತಿಯ ಬದಲು ಮೂಲದ ಯಂತ್ರದಲ್ಲಿಯೇ ಅಳಿಸುವ ಆಜ್ಞೆಯನ್ನು ಕೊಟ್ಟುಬಿಟ್ಟರು. ತಪ್ಪು ತಿಳಿದು ಕೆಲವು ಕ್ಷಣಗಳಲ್ಲಿ ನಿಲ್ಲಿಸಿದರೂ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ ಗಿಗಾಬೈಟು. ಆಗ ಬೇರೆ ನಕಲುಗಳನ್ನು ಹುಡುಕಿದರು. ನಿತ್ಯವೂ ಆಗುತ್ತಿದೆಯೆಂದು ನಂಬಿದ್ದ ನಕಲು ಬಹಳ ದಿನಗಳಿಂದ ಆಗಿಯೇ ಇರಲಿಲ್ಲ. ಸೋತದ್ದನ್ನು ತಿಳಿಸಬೇಕಾಗಿದ್ದ ಎಚ್ಚರಿಕೆಯ ಪತ್ರಗಳೂ ಯಾರಿಗೂ ತಲಪಿರಲಿಲ್ಲ. ಕೊನೆಗೆ ಬದುಕಿಸಿದ್ದು, ಬೇರೊಂದು ಪ್ರಯೋಗಕ್ಕೆಂದು ಸುಮಾರು ಆರು ಗಂಟೆಗಳ ಮುಂಚೆ ಆಕಸ್ಮಿಕವಾಗಿ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಆ ಆರು ಗಂಟೆಗಳ ಬರಹ ಹೋಯಿತು. ಆ ಸಂಸ್ಥೆಯವರು ಈ ತಪ್ಪುಗಳನ್ನೆಲ್ಲ ಮುಚ್ಚದೆ ಪ್ರಕಟಿಸಿದುದರಿಂದಲೇ ನಾವು ಇಂದು ಅದನ್ನು ಓದಿ ಕಲಿಯುವುದು ಸಾಧ್ಯವಾಗಿದೆ.

ಪ್ರಸಂಗವಶಾತ್ ಇನ್ನೊಂದು ಮಾತು. ಏಕಕಾಲಿಕ ಪ್ರತಿಯಿದ್ದ ಮೇಲೆ ಹಳೆಯ ನಕಲುಗಳೇಕೆ ಎಂದು ಕೇಳುವವರುಂಟು. ರೈಟರು ಮೈಮರೆತು ಒಬ್ಬಳ 60 ಕಿಲೋವನ್ನು 6 ಎಂದು ಬರೆದರೆ ಮೂಡಿಗೆರೆಯ ಗುಮಾಸ್ತರೂ 6 ಎಂದೇ ಬರೆಯುವರು. ಅಳಿಸಿದರೆ ಅವರೂ ಅಳಿಸುವರು. ಪ್ರತಿಯು ಬೆಂಕಿಗೆ, ನೆರೆಗೆ ಉತ್ತರ. ತಪ್ಪಿಗೂ ದುರುದ್ದೇಶಕ್ಕೂ ಅಲ್ಲ. ಅದಕ್ಕೆ ನಿನ್ನೆಯ, ಹೋದ ವಾರದ, ಹೋದ ತಿಂಗಳ ನಕಲುಗಳು ಯಾರ ಕೈಗೂ ಸುಲಭವಾಗಿ ಸಿಕ್ಕದಂತೆ ಬೇರೆಯೇ ಇರಬೇಕು.

ಇಷ್ಟೆಲ್ಲ ಏರ್ಪಾಡು ಕೆಲಸಕ್ಕೆ ಬರುವುದೇ ಎಂಬುದನ್ನು ವಿಪತ್ತು ಬಂದ ದಿನವೇ ಮೊದಲ ಬಾರಿಗೆ ನೋಡುವುದು ಅವಿವೇಕ. ಬಿಸಿಲಿರುವಾಗಲೇ ದೂರದ ಕೇಂದ್ರಕ್ಕೆ ಕೆಲಸವನ್ನು ದಾಟಿಸಿ ನೋಡಬೇಕು. ಅದಕ್ಕಿಂತಲೂ ಕಷ್ಟದ ಕೆಲಸವೆಂದರೆ ಅಲ್ಲಿ ಹುಟ್ಟಿದ ಹೊಸ ಬರಹಗಳನ್ನೂ ಕೂಡಿಸಿಕೊಂಡು ಮತ್ತೆ ಮುಖ್ಯ ಕೇಂದ್ರಕ್ಕೆ ಹಿಂದಿರುಗುವುದು. ಹೋಗುವಾಗ ಮೂಲವಾಗಿದ್ದದ್ದು ಬರುವಾಗ ಪ್ರತಿಯಾಗಿರುತ್ತದೆ; ನಕಲು ಹರಿಯುವ ದಿಕ್ಕು ತಿರುಗಿರುತ್ತದೆ. 2024ರ ಮಾರ್ಚ್ 2 ಒಂದು ಶನಿವಾರ. ವಾಡಿಕೆಯಂತೆ ಷೇರು ಪೇಟೆಗೆ ರಜ. ಅಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಬಾಗಿಲು ತೆರೆದು ಬೆಳಗ್ಗೆ 9 ಗಂಟೆ 15 ನಿಮಿಷದಿಂದ 10ರವರೆಗೆ ಮುಖ್ಯ ಕೇಂದ್ರದಿಂದಲೂ 11 ಗಂಟೆ 30 ನಿಮಿಷದಿಂದ 12 ಗಂಟೆ 30 ನಿಮಿಷದವರೆಗೆ ವಿಪತ್ತಿನ ಕಾಲದ ಬದಲಿ ಕೇಂದ್ರದಿಂದಲೂ ನಿಜವಾದ ವ್ಯಾಪಾರವನ್ನು ನಡೆಸಿತು. ನಡುವಣ ಒಂದೂವರೆ ಗಂಟೆಯು ದಾಟುವುದಕ್ಕೆ. ಅದೇ ವರ್ಷದ ಮೇ 18ರ ಶನಿವಾರವೂ ಹೀಗೆಯೇ ಮಾಡಿದರು. ಕೊಂಡವರಿಗೂ ಮಾರಿದವರಿಗೂ ಯಾವ ಊರಿನ ಯಂತ್ರವು ತಮ್ಮ ಲೆಕ್ಕವನ್ನು ಬರೆದುಕೊಳ್ಳುತ್ತಿದೆಯೆಂಬ ಅರಿವೇ ಬರಬೇಕಾಗಿರಲಿಲ್ಲ.